ಫಿನಾಯಿಲ್ ಗೋಣಿಯಾಚೆಯ ಹಸು

ಮೊನ್ನೆ ಮೊಮ್ಮಗಳು ಬಚ್ಚಲು ತೊಳೆಯಲು ಹೋಗಿ ಫಿನಾಯಿಲ್ ಬಾಟಲಿಯನ್ನೇ ಮಗುಚಿಬಿಟ್ಟಳು. ಮನೆಯೆಲ್ಲ ಘಾಟು! ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದರೆ ನಾನೊಬ್ಬಳು ಅಲ್ಲೇ ನಿಂತು ಉಸಿರೆಳೆದುಕೊಂಡೆ. ನನಗದು ಪಕ್ಕದ್ಮನೆ ಅಕ್ಕನ ವಾಸನೆ...

ಸ್ವಾತಂತ್ರ್ಯ ಬಂದ ಹೊಸತು. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಹಸುವಿಲ್ಲದ ಮನೆಯೆಂದರೆ ಅಕ್ಕನದೊಂದೇ. ಅವಳ ತವರು ಗಡಿಯಾಚೆ, ಆಗದು ಮದ್ರಾಸ್ ಸೀಮೆ. ಚೊಚ್ಚಲ ಗಂಡುಮಗುವಾದಾಗ ಅವಳಪ್ಪ ಬಳುವಳಿಯಾಗಿ ಹಸು ಕರು ಕಳಿಸಿದರು. ಅದೂ ಎಂಥ ಹಸು! ಮದುವೆಗೆ ಮುಂಚೆ ಅಕ್ಕನೇ ಕೈಯಾರೆ ಹುಲ್ಲು ತಿನ್ನಿಸಿ ಬೆಳೆಸಿದ ಕೆಂದ ಹಸು. ಮಗ ಕುಡಿಯುವ ಮೊದಲ ಹಸುವಿನ ಹಾಲು ಇದರದ್ದೇ ಆಗಬೇಕೆಂದು ಅವಳ ಹಟ.

ಆದರೆ ಆ ವರ್ಷ ಗಡಿಯಾಚೆ ದನಗಳಿಗೆ ದೊಡ್ಡರೋಗ ಬಿದ್ದಿತ್ತು. ಒಂದಕ್ಕೆ ಬಂದರೆ ಸಾಕು, ಇಡೀ ಬೀದಿಯ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಹೊರಗಿನಿಂದ ಬಂದ ದನವನ್ನು ಊರಾಚೆಯ ಸರ್ಕಾರಿ ದೊಡ್ಡಿಯಲ್ಲಿ ದಿನಗಟ್ಟಲೆ ತಡೆದಿಟ್ಟು, ಡಾಕ್ಟರು ನೋಡಿ ಸೈ ಎಂದ ಮೇಲೆಯೇ ಒಳಗೆ ಬಿಡಬೇಕೆಂದು ಅಪ್ಪಣೆಯಾಗಿತ್ತು. ಅಕ್ಕನ ಹಸು ಕರುವನ್ನೂ ಅಲ್ಲೇ ಕಟ್ಟಿಹಾಕಿದರು.

ಅಕ್ಕ ಕೆಂಡವಾದಳು. “ನಮ್ಮಪ್ಪ ಕೊಟ್ಟ ಹಸೀಗೆ ಸರ್ಕಾರದ ಅಪ್ಪಣೆ ಯಾಕ್ ಬೇಕು ಕಣಮ್ಮ? ನಾನು ಗಡಿ ದಾಟ್ಕಂಡು ಮದ್ವೆಯಾಗಿ ಬಂದಾಗ ನನ್ನ ಯಾವ ಡಾಕ್ಟ್ರು ನೋಡಿದ್ರು?”

ನಮ್ಮಮ್ಮ ಬಿದ್ದು ಬಿದ್ದು ನಕ್ಕರು.

ಹಸುವೂ ಅಕ್ಕನಂಥದ್ದೇ. ಬೇರೆಯವರು ಕೆಚ್ಚಲಿಗೆ ಕೈಹಾಕಿದರೆ ಝಾಡಿಸಿ ಒದೆಯುತ್ತಿತ್ತು. ಹಾಗಾಗಿ ಬೆಳಗ್ಗೆ ಸಂಜೆ ಮಗುವನ್ನು ನಮ್ಮಮ್ಮನ ಮಡಿಲಿಗೆ ಹಾಕಿ ಅಕ್ಕನೇ ಹಾಲು ಕರೆಯಲು ಹೊರಡುತ್ತಿದ್ದಳು. ಜೊತೆಗೆ ನಾನು. ದೊಡ್ಡಿಯ ಬಾಗಿಲಲ್ಲಿ ಫಿನಾಯಿಲ್‌ನಲ್ಲಿ ಅದ್ದಿದ ಗೋಣಿ. ವಾಪಸ್ ಬರುವಾಗ ಅದನ್ನು ತುಳಿದೇ ಬರಬೇಕು. ಹಾಲು ಮಾತ್ರ ಆ ಗೋಣಿ ದಾಟುವಂತಿರಲಿಲ್ಲ. ಕರು ಕುಡಿದು ಮಿಕ್ಕಿದ್ದು ಕಾವಲುಗಾರನ ಟೀಗೆ!

“ಕುಡೀರಿ ಕುಡೀರಿ, ನಮ್ಮಪ್ಪ ನಿಮಗೇ ಅಂತ ಕಳ್ಸಿರೋದು!” ಎಂದು ಅಕ್ಕ ಹಲ್ಲು ಕಡಿದರೆ, ಅವನು ಲೋಟ ಎತ್ತಿ “ತವರಿನ ಹಾಲಿನ ರುಚೀನೇ ಬೇರೆ ಕಣವ್ವ” ಎನ್ನುತ್ತಿದ್ದ.

ಕೊನೆಗೂ ಬಿಡುಗಡೆಯ ದಿನ ಬಂತು. ಅಬ್ಬಾ, ನಮ್ಮ ಬೀದಿಯ ಸಡಗರವೇ! ಮನೆಮನೆಯ ಮುಂದೆ ರಂಗೋಲಿ, ಯಾರೋ ಗಂಟೆ ತಂದರು, ಯಾರೋ ಚೆಂಡುಹೂವಿನ ಹಾರ ಕಟ್ಟಿದರು, ಅಮ್ಮ ಆರತಿ ತಟ್ಟೆ ಹಿಡಿದು ನಿಂತರು. ನಾನೂ ಅಕ್ಕನೂ ಹೆಚ್ಚುಕಡಿಮೆ ಓಡಿಕೊಂಡೇ ದೊಡ್ಡಿ ಸೇರಿದೆವು.

ಹಸು ಅಂದು ಅಕ್ಕನನ್ನು ಕಂಡು ಅಂಬಾ ಎನ್ನಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಅಕ್ಕ ಅದರ ತುಟಿ ಎತ್ತಿ ನೋಡಿ ಮೆಲ್ಲಗೆ ಬಿಟ್ಟಳು. ಸೆರಗಿನಿಂದ ಕಣ್ಣು, ಬಾಯಿ ಎಲ್ಲ ಒರೆಸಿದಳು. ಒರೆಸಿದ ಮೇಲೆ ನನ್ನ ಕಣ್ಣಿಗೆ ಹಸು ಚೆನ್ನಾಗಿಯೇ ಕಂಡಿತು.

“ಡಾಕ್ಟ್ರು ಇನ್ನೇನು ಬಂದ್ಬುಟ್ರು ಕಣವ್ವ, ಹೊಡ್ಕಂಡು ಹೋಗೀವಂತೆ” ಎಂದ ಕಾವಲುಗಾರ.

ಅಕ್ಕ ಹಸುವಿನ ಕೊರಳು ಹಿಡಿದು ಎಷ್ಟೋ ಹೊತ್ತು ನಿಂತಿದ್ದಳು...

“ಬಿಡಬ್ಯಾಡಿ ಕಣಣ್ಣ. ಬಾಯೊಳಗೆ ಹುಣ್ಣೆದ್ದದೆ. ನನ್ ಹಸೀಗೆ ಬಂದ್ಬುಟ್ಟದೆ.”

ಬೀದಿಯ ತುದಿಗೆ ಬಂದಾಗ ಆರತಿ ಹಿಡಿದವರು ನಗುತ್ತ ಮುಂದೆ ಬಂದರು. ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿಕೊಂಡು ಕೂಗಿದಳು: “ಯಾರೂ ಅತ್ರ ಬರಬ್ಯಾಡಿ! ದನಾನೆಲ್ಲ ಒಳೀಕೆ ಕಟ್ಕಳಿ!” ಮೈಮೇಲಿನ ಸೀರೆ, ನನ್ನ ಲಂಗ ಎಲ್ಲವನ್ನೂ ಹುಣಸೆಮರದ ಹಿಂದೆ ಸುಟ್ಟು, ಫಿನಾಯಿಲ್ ನೀರು ಸುರಿದುಕೊಂಡು, ಅಮ್ಮ ದೂರದಿಂದ ಎಸೆದ ಬಟ್ಟೆ ಉಟ್ಟೆವು. ಆಮೇಲೆ ಅವಳು ಅತ್ತ ಅಳು! ತಬ್ಬಿಕೊಳ್ಳಲು ಬಂದವರನ್ನೂ ಹತ್ತಿರ ಬಿಡಲಿಲ್ಲ.

ಹಸು ಉಳಿಯಲಿಲ್ಲ, ಕರುವೂ ಉಳಿಯಲಿಲ್ಲ. ನಮ್ಮ ಬೀದಿಯಲ್ಲಿ ಒಂದೇ ಒಂದು ದನಕ್ಕೂ ರೋಗ ತಗುಲಲಿಲ್ಲ. ಮರುದಿನದಿಂದ ಪ್ರತಿ ಮನೆಯಿಂದಲೂ ಅಕ್ಕನ ಜಗಲಿಗೆ ಒಂದೊಂದು ಚೊಂಬು ಹಾಲು ಬಂತು. ಆ ಮಗು ಬೀದಿಯ ಎಲ್ಲ ಹಸುಗಳ ಹಾಲು ಕುಡಿದು ಗುಂಡಗೆ ಬೆಳೆಯಿತು, ಅಜ್ಜ ಕಳಿಸಿದ ಹಸುವಿನದ್ದೊಂದನ್ನು ಬಿಟ್ಟು.

ಈಗ ಆ ಬೀದಿಯಲ್ಲಿ ಕೊಟ್ಟಿಗೆಗಳೇ ಇಲ್ಲ. ಅಕ್ಕ ಹೋಗಿ ವರ್ಷವಾಯಿತು. ಅವಳ ಮಗ, ಅವನೂ ಈಗ ತಾತ, ಫಿನಾಯಿಲ್ ಚೆಲ್ಲಿದ ದಿನವೇ ಸಂಜೆ ಮನೆಗೆ ಬಂದಿದ್ದ. “ಕೊನೆಕೊನೆಗೆ ಅವ್ವ ‘ಹಸ ಬಂತಾ, ಹಸ ಬಂತಾ’ ಅಂತ ಬಾಗಿಲ ಕಡೆ ನೋಡೋದು. ಯಾವ ಹಸ ಚಿಕ್ಕಮ್ಮ?” ಎಂದು ಕೇಳಿದ.

ಅಯ್ಯೋ, ಅವನಿಗೆ ಅವಳು ಹೇಳಿಯೇ ಇರಲಿಲ್ಲ!

“ನಿನಗೆ ಅಂತ ಬಂದಿದ್ದ ಹಸ ಕಣಪ್ಪ. ಊರ ಬಾಗಿಲ ತನಕ ಬಂದಿತ್ತು. ನಿಮ್ಮವ್ವನೇ ಒಳಕ್ಕೆ ಬಿಡಲಿಲ್ಲ.”