ಐದು ಮಿಲಿಮೀಟರ್ ಕಡಿಮೆ

ಗಂಡ ತೀರಿಕೊಂಡಾಗ ಗಾಜಿನಂಗಡಿ ಮುಚ್ಚಿಬಿಡು ಎಂದವರೇ ಎಲ್ಲ. ಅವಳು ಮುಚ್ಚಲಿಲ್ಲ. ಅಳತೆ ಬರೆದುಕೊಳ್ಳುವುದು ಅವಳ ಪಾಲಿಗೆ, ಕತ್ತರಿಸುವುದು ಮೈದುನನ ಪಾಲಿಗೆ. ಹೀಗೆ ಆರು ವರ್ಷ ನಡೆಯಿತು. ಗಿರಾಕಿಗಳ ಬಾಯಲ್ಲಿ ಅವಳು ‘ಗಾಜಕ್ಕ’ ಆದಳು. ಮೈದುನನಿಗೆ ಮಾತು ಕಡಿಮೆ. ಆದರೆ ಅವನು ಒಂದು ಗೆರೆ ಎಳೆದು ಟಕ್ಕೆಂದು ಮುರಿದರೆ ಗಾಜಿನ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ.

ಅಂದು ಬೆಳಿಗ್ಗೆ ಕಟ್ಟಡದ ಕಂಟ್ರಾಕ್ಟರು ಒಳಗೆ ಬಂದವನೇ ಮೈದುನನ ಕಪಾಳಕ್ಕೆ ಬಾರಿಸಿದ. ಅವನ ಇಬ್ಬರು ಆಳುಗಳು ಬಾಗಿಲಿಗೆ ಅಡ್ಡ ನಿಂತರು.

“ಕಿಟಕಿ ಗಾಜು ಕಿತ್ಕೊಂಡು ಬಿತ್ತು ಕಣೋ, ಮೂರನೇ ಮಹಡಿಯಿಂದ! ನನ್ನ ತಮ್ಮನ ಭುಜ ಸೀಳಿಹೋಗಿದೆ. ಅಗಲ 915 ಮಿಲಿಮೀಟರ್ ಅಂತ ಹೇಳಿರಲಿಲ್ವಾ? ನೀನು ಕತ್ತರಿಸಿದ್ದು ಎಷ್ಟು?”

ಮೈದುನ ಗೋಡೆಗೆ ಸಿಕ್ಕಿಸಿದ್ದ ಚೀಟಿಯತ್ತ ನೋಡಿದ. ಗಾಜಕ್ಕನೂ ನೋಡಿದಳು. ಅವಳದೇ ಅಕ್ಷರ: ಅಗಲ 91 ಸೆಂಟಿಮೀಟರ್. ಹತ್ತು ಮಿಲಿಮೀಟರಿಗೆ ಒಂದು ಸೆಂಟಿಮೀಟರ್, ಆ ಲೆಕ್ಕಕ್ಕೆ ತೊಂಬತ್ತೊಂದೂವರೆ ಆಗಬೇಕಿತ್ತು. ಅವಸರದಲ್ಲಿ ಆ ಅರ್ಧವನ್ನು ನುಂಗಿಹಾಕಿದ್ದಳು. ಐದು ಮಿಲಿಮೀಟರ್ ಕಡಿಮೆಯಾದ ಗಾಜು ಚೌಕಟ್ಟಿನಲ್ಲಿ ಬಿಗಿಯಾಗಿ ಕೂರದೆ, ಗಾಳಿಗೆ ಅಲುಗಾಡಿ ಕಳಚಿಕೊಂಡಿತ್ತು.

ಅವಳ ನಾಲಿಗೆ ಹೊರಳಲಿಲ್ಲ. ಮೈದುನನೂ ತುಟಿಪಿಟಕ್ಕೆನ್ನಲಿಲ್ಲ. ಎರಡನೇ ಏಟು ಅವನ ಮೂಗಿಗೆ ಬಿದ್ದು ರಕ್ತ ಚಿಮ್ಮಿತು. ಆಮೇಲೆ ಕಂಟ್ರಾಕ್ಟರು ಅವನ ಕಾಲರ್ ಹಿಡಿದೆಳೆದು, ಗಾಜು ಒರಗಿಸಿದ್ದ ಚೌಕಟ್ಟಿನ ಮೇಲೆ ನೂಕಿದ. ಹತ್ತಾರು ಗಾಜಿನ ಹಾಳೆಗಳು ಒಟ್ಟಿಗೆ ಕುಸಿದವು. ಸದ್ದು ನಿಂತಾಗ ಮೈದುನನ ಬಲಗೈ ಮೊಣಕೈಯಿಂದ ಅಂಗೈಯವರೆಗೆ ಬಾಯಿ ಬಿಟ್ಟುಕೊಂಡಿತ್ತು.

“ಬಿಡೋ ಅವನನ್ನ! ಚೀಟಿ ಬರೆದಿದ್ದು ನಾನು! ಲೆಕ್ಕ ತಪ್ಪಿದ್ದು ನಾನು!”

“ಮೈದುನನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ಬೇಡಮ್ಮ” ಎಂದ ಕಂಟ್ರಾಕ್ಟರು, ಬಿದ್ದವನ ಪಕ್ಕೆಗೆ ಒದೆಯಲು ಕಾಲೆತ್ತಿದ.

ಮೇಜಿನ ಮೇಲೆ ಮೀಟರುದ್ದದ ಕಬ್ಬಿಣದ ಅಳತೆಪಟ್ಟಿ ಇತ್ತು. ಹಿಂದುಮುಂದು ನೋಡದೆ ಅದನ್ನೆತ್ತಿ ಅವನ ಮೊಣಕಾಲಿಗೆ ಬೀಸಿದಳು. ಲಟಕ್ಕೆಂದಿತು. ಅವನು ಬೊಬ್ಬೆ ಹೊಡೆಯುತ್ತ ಗಾಜಿನ ಚೂರುಗಳ ಮೇಲೆ ಉರುಳಿದ. ಉರುಳಿದವನಿಗೂ ಹೊಡೆದಳು. ಆಳುಗಳು ಬಂದು ತೋಳು ಹಿಡಿಯುವವರೆಗೂ ಹೊಡೆದಳು. ಆ ಏಟುಗಳಲ್ಲಿ ಅವನ ಮೇಲಿನ ಸಿಟ್ಟೆಷ್ಟು, ತನ್ನ ಮೇಲಿನದೆಷ್ಟು ಎಂದು ಅವಳಿಗೇ ತಿಳಿಯದು.

ಆಸ್ಪತ್ರೆಯಲ್ಲಿ ಮೈದುನನ ಕೈಗೆ ಇಪ್ಪತ್ತಾರು ಹೊಲಿಗೆ ಬಿದ್ದವು. ಮಂಚದ ಪಕ್ಕ ಕೂತು ಅವಳು ಕೇಳಿದಳು: “ಬರೆದವಳು ಅತ್ತಿಗೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ?”

“ಹೇಳಿದ್ರೆ ನಿಮಗೆ ಹೊಡೀತಿದ್ದ.” ಮತ್ತೆ ಅವನೇ ಅಂದ: “ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ ಅತ್ತಿಗೆ. ಮೊದಲನೇ ಏಟಿಗೇ.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಪೊಲೀಸರ ಮುಂದೆ ಎರಡೂ ಕಡೆಯವರು ದೂರು ಕೊಟ್ಟು, ಎರಡೂ ಕಡೆಯವರು ಹಿಂದಕ್ಕೆ ಪಡೆದರು. ಕಂಟ್ರಾಕ್ಟರನ ಗಾಯಗೊಂಡ ತಮ್ಮನನ್ನು ನೋಡಲು ಅವಳು ಹೋದಳು. ಅವನ ಹೆಂಡತಿ ಹೊಸ್ತಿಲಲ್ಲೇ ನಿಂತು ಗಾಜಕ್ಕ ತಪ್ಪೊಪ್ಪಿಕೊಂಡಿದ್ದನ್ನೆಲ್ಲ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು.

ಮೈದುನನ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವನು ಜಗಳವಾಡದೆ, ಕಾರಣವನ್ನೂ ಹೇಳದೆ ಬೇರೆ ಅಂಗಡಿ ಸೇರಿದ. ನಲವತ್ತನಾಲ್ಕನೇ ವಯಸ್ಸಿಗೆ ಗಾಜಕ್ಕ ಕತ್ತರಿಸುವುದನ್ನು ಕಲಿತಳು. ಮೊದಲ ವಾರದಲ್ಲೇ ಹೆಬ್ಬೆರಳು ಕುಯ್ದುಕೊಂಡಳು, ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದಳು.