ಮೂರನೇ ಪ್ಲಾಟ್‌ಫಾರ್ಮಿಗೆ ಕರೆದ ದನಿ

ದೆವ್ವ, ಶಕುನ, ಕನಸಿನಲ್ಲಿ ಬಂದ ಸೂಚನೆ ಇಂಥ ಮಾತು ಶುರುವಾದರೆ ಎದ್ದು ಹೋಗುವ ಜಾತಿಯವನು ನಾನು. ಹೇಳುವವರ ಮುಖ ನೋಡಿ ಒಳಗೊಳಗೇ ನಕ್ಕದ್ದೂ ಉಂಟು. ಈಗ ಹೇಳುವ ಸರದಿ ನನ್ನದಾಗಿದೆ. ನೀವು ನಕ್ಕರೆ ನಾನು ಬೇಸರ ಮಾಡಿಕೊಳ್ಳುವ ಹಾಗಿಲ್ಲ.

ತೊಂಬತ್ತರ ದಶಕದಲ್ಲಿ ಧಾರವಾಡ ಬಿಟ್ಟು ಪುಣೆಗೆ ನೌಕರಿಗೆ ಬಂದವನಿಗೆ ಹತ್ತಿದ ಒಂದೇ ಚಟವೆಂದರೆ ರೈಲು ನೋಡುವುದು. ಆಗ ಮುಂಬೈ ಕಡೆಯಿಂದ ಬರುವ ಗಾಡಿಗಳ ಕರೆಂಟಿನ ಎಂಜಿನ್ನನ್ನು ಪುಣೆಯಲ್ಲಿ ಕಳಚಿ, ಮುಂದಿನ ದಾರಿಗೆ ಡೀಸೆಲ್ ಎಂಜಿನ್ ಹಚ್ಚುತ್ತಿದ್ದರು. ಅದನ್ನು ನೋಡುವುದೇ ನನಗೊಂದು ಹಬ್ಬ. ಶಿವಾಜಿನಗರದಲ್ಲಿ ಆಫೀಸು ಬಿಟ್ಟವನು ನೆಟ್ಟಗೆ ಸ್ಟೇಷನ್ ಹತ್ತಿರದ ಸೇತುವೆಗೆ ಹೋಗಿ ನಿಲ್ಲುತ್ತಿದ್ದೆ. ಯಾವ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದೆಲ್ಲ ಬಾಯಿಪಾಠ. ನನ್ನ ಹೆಂಡತಿ, "ರೈಲ್ವೆದಾವ್ರು ನಿಮಗ ಪಗಾರ ಕೊಡ್ತಾರೇನ್ರಿ?" ಎಂದು ಕೇಳುತ್ತಿದ್ದಳು. ಮುಂದೆ ಆಫೀಸಿನ ಗೆಳೆಯ ಕುಲಕರ್ಣಿಗೆ ಅವನ ತಮ್ಮ ಮಸ್ಕತ್ತಿನಿಂದ ಒಂದು ಹ್ಯಾಂಡಿಕ್ಯಾಮ್ ತಂದುಕೊಟ್ಟ. ಕುಲಕರ್ಣಿ ಅದರಲ್ಲಿ ಮಗನ ಹುಟ್ಟುಹಬ್ಬ ತೆಗೆದು ಬೇಸತ್ತ ಮೇಲೆ ಅದು ಹೆಚ್ಚುಕಡಿಮೆ ನನ್ನ ಕೈಯಲ್ಲೇ ಉಳಿಯಿತು. ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು ಎನ್ನುವ ಹಾಗೆ.

ನಮ್ಮ ಅತ್ತೆ ಗಂಗಾಬಾಯಿಯವರು ಆ ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಧಾರವಾಡದ ಹತ್ತಿರದ ತಮ್ಮ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಮುಂದಿನ ಗ್ಯಾಲರಿಯಲ್ಲಿ ಕೂತಿರುತ್ತಿದ್ದರು. ಅವರಿಗೆ ಮರಾಠಿ ಒಂದಕ್ಷರವೂ ಬಾರದು. ನೆರೆಮನೆಯವರು ಎರಡು ಮಾತಾಡಿದರೆ, "ಏನೋ ಗಡಗಡ ಅಂದ್ರವಾ" ಎಂದು ಮಗಳಿಗೆ ವರದಿ ಒಪ್ಪಿಸುತ್ತಿದ್ದರು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಫೋನಿಗೆ ಧಾರವಾಡದಿಂದ ಸುದ್ದಿ ಬಂತು. ಅತ್ತೆಯವರ ಅಕ್ಕ ಸುಂದರಾಬಾಯಿಯವರ ಸ್ಥಿತಿ ಕೈಮೀರಿದೆ, ನೋಡುವುದಿದ್ದರೆ ಕೂಡಲೇ ಹೊರಡಿ ಎಂದು. ಈ ಅಕ್ಕತಂಗಿಯರಿಗೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ, ಆದರೆ ನಮ್ಮ ಕಡೆಯವರು ನಗುವುದಿಲ್ಲ. ನನ್ನ ಮದುವೆಯಲ್ಲಿ ಹಿರಿಯಳಾದ ಅಕ್ಕನಿಗೆ ಮೊದಲು ಸೆರಗಿನಲ್ಲಿ ಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಬೇಕಿತ್ತು. ಗದ್ದಲದಲ್ಲಿ ಅತ್ತೆ ಬೀಗಿತ್ತಿಗೆ, ಅಂದರೆ ನನ್ನ ತಾಯಿಗೆ, ಮೊದಲು ತುಂಬಿಬಿಟ್ಟರು. ಅಕ್ಕ ಊಟ ಮಾಡದೆ ಎದ್ದುಹೋದವರು ಮತ್ತೆ ತಂಗಿಯ ಮುಖ ನೋಡಲಿಲ್ಲ. ಸುದ್ದಿ ಕೇಳಿ ಅತ್ತೆ ಅಳಲಿಲ್ಲ. "ಬೆಳಗಾಗೋದ್ರಾಗ ಮುಟ್ಟಿಸ್ರಿ" ಎಂದಷ್ಟೇ ನನಗೆ ಹೇಳಿದರು. ಸಂಜೆಯ ಗಾಡಿ ತಪ್ಪಿದರೆ ಮರುದಿನದ ಸಂಜೆಯವರೆಗೆ ನಮಗೆ ಬೇರೆ ಗಾಡಿ ಇರಲಿಲ್ಲ.

ರೈಲಿನ ವಿಷಯಕ್ಕೆ ಅಳಿಯನಂಥವನು ಇನ್ನೊಬ್ಬನಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ಒಂದು ಗಂಟೆ ಮೊದಲೇ ಸ್ಟೇಷನ್ ಮುಟ್ಟಿಸಿದೆ. ಧಾರವಾಡದ ಗಾಡಿ ಯಾವಾಗಲೂ ಒಂದನೇ ಪ್ಲಾಟ್‌ಫಾರ್ಮಿಗೇ ಬರುವುದು. ಬೋರ್ಡು ನೋಡುವುದು, ವಿಚಾರಿಸುವುದು ಹೊಸಬರ ಕೆಲಸ. ಅತ್ತೆಯವರನ್ನು ಒಂದನೆಯದರ ಬೆಂಚಿನ ಮೇಲೆ ಕೂರಿಸಿದೆ. ಅಲ್ಲಿ ಮುಂಬೈಯಿಂದ ಬಂದ ಬೇರೊಂದು ಗಾಡಿ ನಿಂತಿತ್ತು. ಅದು ಹೋದ ಮೇಲೆ ನಮ್ಮದು ಬರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ದೂರದ ತುದಿಯಲ್ಲಿ ಡೀಸೆಲ್ ಎಂಜಿನ್ ಹಿಂದೆ ಸರಿದು ಬರುವುದು ಕಂಡಿತು. ಚೀಲದಲ್ಲಿ ಕುಲಕರ್ಣಿಯ ಕ್ಯಾಮರಾ ಇತ್ತು. "ಎರಡ ಮಿನಿಟಿನ್ಯಾಗ ಬರ್ತೀನ್ರಿ" ಎಂದು ಹೇಳಿ ಹೋದೆ. ಸಾಯುತ್ತಿರುವ ಅಕ್ಕನ ಕಡೆಗೆ ಹೊರಟ ಮುದುಕಿಯನ್ನು ಒಂಟಿಯಾಗಿ ಕೂರಿಸಿ ಎಂಜಿನ್ ನೋಡಲು ಹೋದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಅಲ್ಲಿ ಹೋಗಿ ನಿಂತವನಿಗೆ ಹೊತ್ತಿನ ಪರಿವೆಯೇ ಉಳಿಯಲಿಲ್ಲ. ಎಂಜಿನ್ ನಿಧಾನಕ್ಕೆ ಬಂದು ಡಬ್ಬಿಗೆ ತಾಗಿತು. ಕೆಳಗಿಳಿದ ಕೆಲಸಗಾರ ಕೊಂಡಿ ಹಾಕಿ ಕೈ ಎತ್ತಿದ. ಸ್ಟೇಷನ್ನಿನಲ್ಲಿ ಚಿತ್ರ ತೆಗೆಯುವ ಹಾಗಿರಲಿಲ್ಲವಾದ್ದರಿಂದ ಪೋಲೀಸಿನವನ ಕಣ್ಣಿಗೆ ಬೀಳದ ಹಾಗೆ ಕ್ಯಾಮರಾವನ್ನು ಎದೆಗೆ ಒತ್ತಿ ಹಿಡಿದು ಎಲ್ಲವನ್ನೂ ತೆಗೆಯುತ್ತಿದ್ದೆ. ಆಗ ನೆತ್ತಿಯ ಮೇಲಿನ ಸ್ಪೀಕರಿನಿಂದ ಕೇಳಿಸಿತು:

"ಧಾರವಾಡದ ಗಾಡಿ ಮೂರನೇದಕ್ಕ ಬಂದದ. ಈ ಕಡೆ ಬರ್ರಿ. ಲಗೂನ ಬರ್ರಿ, ಹೊತ್ತಾಗೇದ."

ಹೆಣ್ಣು ದನಿ. ಸ್ವಲ್ಪ ನೆಗಡಿಯಾದ ಹಾಗಿತ್ತು. ಅವಸರವಿರಲಿಲ್ಲ, ಆದರೆ ಮಾತು ಮೀರುವ ಹಾಗೂ ಇರಲಿಲ್ಲ. ನಾನು ತಿರುಗಿ ಓಡಿದೆ. ಪುಣೆ ಸ್ಟೇಷನ್ನಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯಲ್ಲಿ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಓಡುವಾಗ ಅದು ಹೊಳೆಯಲೇ ಇಲ್ಲ. ಬೆಂಚಿನ ಹತ್ತಿರ ಬಂದರೆ ಅತ್ತೆ ಆಗಲೇ ಎದ್ದು ನಿಂತು, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಮೂರನೇದಕ್ಕಂತ, ನಡೀರಿ ನಡೀರಿ" ಎಂದರು. ಮೊಣಕಾಲು ನೋವಿನ ಆ ಹೆಂಗಸು ಅಂದು ಮೆಟ್ಟಿಲು ಹತ್ತಿದ ರೀತಿಗೆ ನಾನೇ ಹಿಂದೆ ಬಿದ್ದೆ. ಮೂರನೆಯದರಲ್ಲಿ ನಮ್ಮ ಗಾಡಿ ನಿಂತಿತ್ತು. ಅವರನ್ನು ಹತ್ತಿಸಿ ನಾನು ಒಂದು ಕಾಲು ಮೇಲಿಟ್ಟಾಗ ಗಾಡಿ ಅಲುಗಿತು.

ಕೂತು ಸುಧಾರಿಸಿಕೊಂಡ ಮೇಲೆ ಎದುರಿಗಿದ್ದ ಮೀರಜಿನ ಗೃಹಸ್ಥರನ್ನು ಮರಾಠಿಯಲ್ಲಿ ಕೇಳಿದೆ: ಇವತ್ತು ಕನ್ನಡದಲ್ಲಿ ಯಾಕೆ ಅನೌನ್ಸ್ ಮಾಡಿದರು? ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂರನೆಯದು ಎಂದು ಬೋರ್ಡಿನ ಮೇಲೆ ಮೊದಲಿನಿಂದಲೂ ಇತ್ತಲ್ಲ ಎಂದರು. ಆಮೇಲೆ ಕಿಟಕಿಯ ಕಡೆಗೆ ತಿರುಗಿ ಕೂತರು.

ನಸುಕಿನಲ್ಲಿ ಧಾರವಾಡ ಮುಟ್ಟಿದೆವು. ಸುಂದರಾಬಾಯಿಯವರಿಗೆ ಎಚ್ಚರವಿತ್ತು, ಮಾತು ಹಿಂದಿನ ದಿನವೇ ನಿಂತಿತ್ತಂತೆ. ಅತ್ತೆ ಗಂಟು ಬಿಚ್ಚಿ ಒಂದು ಕಣವನ್ನೂ ತೆಂಗಿನಕಾಯಿಯನ್ನೂ ತೆಗೆದು, ಮಲಗಿದ್ದ ಅಕ್ಕನ ಸೆರಗು ಹರವಿ ಉಡಿ ತುಂಬಿದರು. ಅಕ್ಕ ತಂಗಿಯ ಕೈ ಹಿಡಿದವರು ಬಿಡಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೋದರು. ನಾನು ಹೊರಗೆ ಹೋಗಿ ನಿಂತೆ.

ಪುಣೆಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಟೇಪನ್ನು ಕುಲಕರ್ಣಿಯ ಟಿವಿಗೆ ಹಚ್ಚಿದ್ದು. ಎಂಜಿನ್ ಬಂತು, ಕೊಂಡಿ ಬಿತ್ತು, ಕೈ ಎದ್ದಿತು. ಆಮೇಲೆ ಸ್ಪೀಕರ್ ಮಾತಾಡಿತು, ಅಚ್ಚ ಮರಾಠಿಯಲ್ಲಿ, ಲೋಣಾವಳಾ ಲೋಕಲ್ಲಿನ ಬಗ್ಗೆ. ಅದರ ನಡುವೆಯೇ ನನ್ನ ದನಿ: "ಹ್ಞಾಂ, ಬಂದೆ ಬಂದೆ." ಆಮೇಲೆ ನೆಲ, ನನ್ನ ಚಪ್ಪಲಿ, ಕತ್ತಲು. ಎಂಟು ಸಲ ಹಿಂದೆಮುಂದೆ ಮಾಡಿ ಕೇಳಿದೆವು. ಧಾರವಾಡ ಎಂಬ ಶಬ್ದವೇ ಅದರಲ್ಲಿಲ್ಲ.

ಕುಲಕರ್ಣಿ ಬುದ್ಧಿವಂತ. "ಅದರಾಗೇನದನೋ? ಮದಲ ಮರಾಠಿಯೊಳಗ ಹೇಳಿರತಾರ, ನಿನ್ನ ಕಿವಿಗೆ ಬಿದ್ದಿರತದ, ಲಕ್ಷ್ಯ ಇರಂಗಿಲ್ಲ. ತಲ್ಯಾಗ ಅದು ಕನ್ನಡ ಆಗೇದ" ಎಂದ. ಇದು ತೆಗೆದುಹಾಕುವ ಮಾತಲ್ಲ. ನಮ್ಮಂಥ ಪುಣೆಯ ಕನ್ನಡಿಗರ ಕಥೆಯೇ ಹೀಗೆ. ನಿನ್ನೆ ತರಕಾರಿಯವಳು ಹೇಳಿದ್ದನ್ನು ಇವತ್ತು ಕನ್ನಡದಲ್ಲಿ ನೆನೆಯುತ್ತೇವೆ, ಮನೆಯಲ್ಲಿ ಹೆಂಡತಿ ಅಂದದ್ದನ್ನು ಆಫೀಸಿನಲ್ಲಿ ಮರಾಠಿಯಲ್ಲಿ ಹೇಳುತ್ತೇವೆ. ಯಾರು ಯಾವ ಭಾಷೆಯಲ್ಲಿ ಆಡಿದರು ಎಂದು ಕೇಳಿದರೆ ತಡವರಿಸುತ್ತೇವೆ. ನನ್ನ ಮಟ್ಟಿಗೆ ಇದನ್ನು ಒಪ್ಪಿ ಸುಮ್ಮನಾಗಬಹುದಿತ್ತು. ಆದರೆ ಮರಾಠಿಯೇ ತಿಳಿಯದ, ಬೋರ್ಡು ಓದಲಾಗದ ಅತ್ತೆ ಮೂರನೆಯದೆಂದು ಹೇಗೆ ಎದ್ದು ನಿಂತರು? ಯಾರೋ ಕನ್ನಡದವರು ಹೇಳಿರಬೇಕು ಎಂದು ಕುಲಕರ್ಣಿ ವಾದಿಸಿದ. ಇರಬಹುದು ಎಂದು ನಾನೂ ತಲೆಯಾಡಿಸಿದೆ. ಸೂತಕದ ಮನೆಯಲ್ಲಿ ಅತ್ತೆಯವರಿಗೆ ಇದನ್ನು ಕೇಳುವುದು ಸರಿಯಲ್ಲವೆನಿಸಿ ಬಿಟ್ಟಿದ್ದೆ. ಮುಂದೆ ನಾಲ್ಕೈದು ವರ್ಷ ಕೇಳುವ ಸಂದರ್ಭವೇ ಕೂಡಿಬರಲಿಲ್ಲ.

ಒಮ್ಮೆ ಅತ್ತೆ ಮತ್ತೆ ನಮ್ಮ ಮನೆಗೆ ಬಂದಿದ್ದಾಗ, ಗ್ಯಾಲರಿಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಬೇರೆ ಏನೋ ಮಾತಿನ ನಡುವೆ ನಾನು ಕೇಳಿದೆ:

"ಅತ್ತಿಯವರ, ಅವತ್ತ ಸ್ಟೇಷನ್ನಿನ್ಯಾಗ ‘ಮೂರನೇದಕ್ಕ ಬಂದದ, ಲಗೂನ ಬರ್ರಿ’ ಅಂತ ಅಂದ್ರಲ್ಲ, ನೀವೂ ಕೇಳಿದ್ರಿ?"

"ಕೇಳಿದೆ. ಆದ್ರ ಬರ್ರಿ ಅಂತ ಎಲ್ಲೆ ಅಂದ್ಲು?" ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "‘ಗಂಗೂ, ಲಗೂನ ಬಾ’ ಅಂದ್ಲು."

ಅವರ ಮನೆಯವರಿಗೆ ಅವರು ಅವ್ವ, ಊರಿನವರಿಗೆ ಗಂಗಾಬಾಯಿ. ಗಂಗೂ ಎಂದು ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಹಾಗೆ ಕರೆಯಬೇಕಾದರೆ ಅವರಿಗಿಂತ ಹಿರಿಯರೇ ಆಗಬೇಕು. ಅತ್ತೆ ಒಂದು ಕಡ್ಡಿ ಮುರಿದು ಬದಿಗಿಟ್ಟು ಹೇಳಿದರು:

"ನಿಮಗ ಬರ್ರಿ ಅಂದಿರಬೇಕು, ಬಿಡ್ರಿ. ಎಷ್ಟಂದ್ರೂ ಅಳಿಯಂದ್ರು ನೀವು."