ಅಪ್ಪ ಗಾಡಿ ಒಪ್ಪಿಸಿದ ದಿನ

ಅಪ್ಪನ ಕಣ್ಣು ಹೋಗುತ್ತಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದವಳು ನಾನೇ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. "ಹೌದು, ಕೊಳವೆಯಲ್ಲಿ ನೋಡಿದ ಹಾಗೆ ಆಗ್ತದೆ" ಎಂದರು. ಎದುರಿಗಿದ್ದದ್ದು ಕಾಣುತ್ತಿತ್ತು. ಪಕ್ಕದ್ದು, ಕಾಲಬುಡದ್ದು ಕಾಣುತ್ತಿರಲಿಲ್ಲ. ಅಮ್ಮನಿಗೆ ಹೇಳಬೇಡ ಎಂದರು. ನಾನು ಹೇಳಲಿಲ್ಲ.

ನಮ್ಮದು ಮಡಿಕೇರಿ ಹತ್ತಿರದ ಸಣ್ಣ ಕಾಫಿ ತೋಟ. ಅಪ್ಪನ ಬಳಿ ಒಂದು ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ಲಿತ್ತು. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ಬಿಳಿ ದೊರೆಯೊಬ್ಬನಿಂದ ಕೊಂಡದ್ದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮಡಿಕೇರಿಯಲ್ಲಿ ಇಂಥ ಹಳೆಯ ಗಾಡಿಗಳವರದ್ದೇ ಒಂದು ಕ್ಲಬ್ಬಿತ್ತು. ನಾಲ್ಕೈದು ಬೆಳೆಗಾರರು, ಒಬ್ಬ ಮಾಸ್ತರು, ಸೈನ್ಯದಿಂದ ಬಂದ ಒಬ್ಬ ಸುಬೇದಾರರು. ಮನೆಮಾತು ಒಬ್ಬರದು ಕೊಡವ ತಕ್ಕ್, ಇನ್ನೊಬ್ಬರದು ತುಳು, ನಮ್ಮದು ಅರೆಭಾಷೆ. ಕ್ಲಬ್ಬಿನಲ್ಲಿ ಮಾತ್ರ ಎಲ್ಲರದೂ ಕನ್ನಡ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪ್ಲಗ್ಗು ಉಜ್ಜುತ್ತ ಅದರ ಮೇಲೆ ಜಗಳವಾಡುವುದು ಅವರಿಗೆ ಭಾನುವಾರದ ಸುಖ.

ಆ ವರ್ಷ ಅವರು ಕೊಡ್ಲಿಪೇಟೆ ಕಡೆಯ ಸಾಹುಕಾರರೊಬ್ಬರ ಗಾಡಿಗಳನ್ನು ನೋಡಲು ಹೊರಟರು. ಸಾಹುಕಾರರು ತಮ್ಮ ಕಾಫಿ ಗೋದಾಮಿನಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಯಾವುದನ್ನೂ ಕೊಂಡದ್ದಲ್ಲ; ಇನ್ನು ಓಡಿಸಲಾರೆ ಎಂದವರು ತಾವಾಗಿ ಒಪ್ಪಿಸಿದ್ದು. ಅದಕ್ಕೊಂದು ಕ್ರಮವಿತ್ತು. ಗಾಡಿ ಲಾರಿಯಲ್ಲಿ ಬರಕೂಡದು, ಒಡೆಯನೇ ಓಡಿಸಿಕೊಂಡು ಬರಬೇಕು. ಬಂದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ಅವನ ಕೈಯಿಂದಲೇ ಇಳಿಸಬೇಕು. ಅವನು ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದಾಗ ಅಂಗಳದಲ್ಲಿರುವ ಉಳಿದ ಗಾಡಿಗಳೆಲ್ಲ ಒಟ್ಟಿಗೆ ಗುಡುಗಬೇಕು. ಅದು ಗಾಡಿಗೆ ಸಲಾಮು.

ಅಪ್ಪ ಬೆನ್ನುನೋವಿನ ನೆಪ ಹೇಳಿ, ಈ ಸಲ ನನ್ನ ಗಾಡಿ ಅಲ್ಲೇ ಉಳೀತದೆ ಎಂದು ಕ್ಲಬ್ಬಿಗೆ ತಿಳಿಸಿದ್ದರು. ಹಿಂದಿನ ದಿನ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಹೇಳಿದರು: "ಒಬ್ಬ ಸವಾರ ಗಾಡಿ ಬಿಟ್ಟುಕೊಟ್ಟ ಅಂತಾಗ್ಲಿ. ಕುರುಡ ಬಿಟ್ಟುಕೊಟ್ಟ ಅಂತಾಗೋದು ಬೇಡ. ಅಷ್ಟು ನಡೆಸಿಕೊಡು, ಮಗಳೇ."

ಬೆಳಿಗ್ಗೆ ನಾನು ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕುಳಿತದ್ದನ್ನು ನೋಡಿ ಸುಬೇದಾರರು ನಕ್ಕರು.

"ಏನಣ್ಣ, ಗಾಡೀನ ಗಂಡನ ಮನೆಗೆ ಕಳಿಸೋದಕ್ಕೆ ಮಗಳೂ ಬೇಕಾ?"

"ಮದುಮಗಳಿಗೆ ಜೊತೆಗೊಬ್ಬಳು ಬೇಡವೇನಯ್ಯಾ?" ಎಂದರು ಅಪ್ಪ.

"ಈ ಮದುಮಗಳು ದಾರಿಯುದ್ದಕ್ಕೂ ಎಣ್ಣೆ ಸುರಿಸ್ತಾಳೆ!"

"ನಿನ್ನವಳ ಹಾಗೆ ಹೊಗೆ ಬಿಡೋದಿಲ್ಲವಲ್ಲ."

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಸುಬೇದಾರರ ಗಾಡಿಯ ಬೆನ್ನು ಹಿಡಿದು ಹೋದೆವು. ಎಡಗಡೆ ಎತ್ತಿನ ಗಾಡಿ ಕಂಡರೆ ಅಪ್ಪನ ಎಡಭುಜ ಒತ್ತುತ್ತಿದ್ದೆ, ಬಲಕ್ಕೆ ಬಸ್ಸು ಬಂದರೆ ಬಲಭುಜ. ಗುಂಡಿ ಕಂಡರೆ ಎರಡು ಕೈಯಿಂದಲೂ. ಸೋಮವಾರಪೇಟೆ ದಾಟುವಷ್ಟರಲ್ಲಿ ನನ್ನ ಬೆರಳುಗಳು ಮರಗಟ್ಟಿದ್ದವು. ಅಪ್ಪ ಒಮ್ಮೆಯೂ ತಪ್ಪಲಿಲ್ಲ. ತಿರುವುಗಳಲ್ಲಿ ಅವರ ಮೈ ಗಾಡಿಯ ಜೊತೆ ಬಾಗುತ್ತಿದ್ದ ರೀತಿ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಅದು ಕೊನೆಯ ಸಲವೆಂದು ಯೋಚಿಸದಿರಲು ನಾನು ರಸ್ತೆಯನ್ನೇ ನೋಡುತ್ತಿದ್ದೆ.

ಸಾಹುಕಾರರು ಗೇಟಿನವರೆಗೆ ಬಂದು ಅಪ್ಪನ ಕೈ ಹಿಡಿದುಕೊಂಡರು. ನನ್ನನ್ನು ಅವರ ಹೆಂಡತಿ ಜಗಲಿಗೆ ಕರೆದೊಯ್ದು ಕಾಫಿ ಕೊಟ್ಟರು. ಅಲ್ಲಿಂದ ಅಂಗಳದಾಚೆಯ ಗೋದಾಮು ಪೂರ್ತಿ ಕಾಣುತ್ತಿತ್ತು. ಆದರೆ ನಾನು ಇಲ್ಲಿ, ಅಪ್ಪ ಅಲ್ಲಿ, ನಡುವೆ ಗಂಡಸರು.

ಗೋದಾಮಿನೊಳಗೆ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಅಪ್ಪ ಅದರ ಪಕ್ಕ ನಿಂತರು. ಸಾಹುಕಾರರ ಆಳು ಕೆಳಗೆ ಒಂದು ಖಾಲಿ ಸೀಮೆಎಣ್ಣೆ ಟಿನ್ನು ಇಟ್ಟ. ಅಪ್ಪ ಬಗ್ಗಿ, ತಡಕಾಡದೆ, ಪೆಟ್ರೋಲ್ ಪೈಪನ್ನು ಕಳಚಿದರು. ಆ ಕೈಗೆ ಕಣ್ಣು ಬೇಕಿರಲಿಲ್ಲ. ಮಾಸ್ತರು, "ನೋಡ್ರಿ, ನೋಡದೇನೇ ಬಿಚ್ಚಿದರು!" ಎಂದದ್ದು ಜಗಲಿಯವರೆಗೂ ಕೇಳಿಸಿತು. ಅಷ್ಟರಲ್ಲಿ, ಇನ್ನಷ್ಟು ಹತ್ತಿರ ನಿಲ್ಲಲೆಂದು ಅಪ್ಪ ಒಂದು ಹೆಜ್ಜೆ ಮುಂದಿಟ್ಟರು. ಅವರ ಬೂಟು ಟಿನ್ನಿಗೆ ತಗುಲಿ ಅದು ಪಕ್ಕಕ್ಕೆ ಸರಿಯಿತು. ಅಪ್ಪ ನಲ್ಲಿ ತಿರುಗಿಸಿದರು. ಅಂಗಳದ ಗಾಡಿಗಳೆಲ್ಲ ಒಮ್ಮೆಲೇ ಗುಡುಗಿದವು.

ಆ ಸದ್ದಿಲ್ಲದಿದ್ದರೆ, ಪೆಟ್ರೋಲು ಟಿನ್ನಿಗೆ ಬೀಳುತ್ತಿಲ್ಲವೆಂದು ಅವರ ಕಿವಿಯೇ ಹೇಳುತ್ತಿತ್ತು. ಪೆಟ್ರೋಲು ಸಿಮೆಂಟಿನ ಮೇಲೆ ಹರಿಯುತ್ತಿತ್ತು, ಅವರ ಬೂಟುಗಳ ನಡುವಿನಿಂದ, ಬಾಗಿಲ ಕಡೆಗೆ. ಅಪ್ಪ ನೆಟ್ಟಗೆ ನಿಂತು, ಎದೆಯುಬ್ಬಿಸಿ, ಎದುರಿಗೆ ನೋಡುತ್ತ ಸಲಾಮು ಸ್ವೀಕರಿಸುತ್ತಿದ್ದರು. ಮುಖದಲ್ಲಿ ನಗುವಿತ್ತು. ನಾನು ಲೋಟ ಇಟ್ಟು ಓಡಿದೆ. ಕೂಗಿದ್ದರೂ ಕೇಳಿಸುತ್ತಿರಲಿಲ್ಲ.

ನಾನು ತಲುಪುವ ಮೊದಲೇ ಸುಬೇದಾರರು ಅದನ್ನು ನೋಡಿದರು. ಬಾಯಲ್ಲಿದ್ದ ಸಿಗರೇಟನ್ನು ದೂರ ಎಸೆದು, ತಮ್ಮ ಗಾಡಿ ನಿಲ್ಲಿಸಿ, ಕೈ ಎತ್ತಿದರು. ಒಂದೊಂದಾಗಿ ಎಲ್ಲ ಗಾಡಿಗಳೂ ನಿಂತವು. ಆ ಮೌನದಲ್ಲಿ ಪೆಟ್ರೋಲು ನೆಲಕ್ಕೆ ಬೀಳುವ ಸದ್ದು ಎಲ್ಲರಿಗೂ ಕೇಳಿಸಿತು. ಅಪ್ಪನಿಗೂ ಕೇಳಿಸಿತು. ಅವರು ತಲೆ ಬಗ್ಗಿಸಿ ಟಿನ್ನನ್ನು ಹುಡುಕಿದರು. ಕೊಳವೆಯಂಥ ಆ ನೋಟಕ್ಕೆ ಅದು ಸಿಗಲು ತುಂಬ ಹೊತ್ತು ಬೇಕಾಯಿತು. ಅವರು ಹುಡುಕುವುದನ್ನು ಎಲ್ಲರೂ ನೋಡಿದರು.

ಸುಬೇದಾರರು ಹೋಗಿ ನಲ್ಲಿ ಮುಚ್ಚಿದರು. "ಅಣ್ಣ, ಯಾವಾಗಿಂದ?" ಎಂದು ಕೇಳಿದರು, ಬಹಳ ಮೆತ್ತಗೆ.

"ಬೆನ್ನುನೋವು" ಎಂದರು ಅಪ್ಪ.

ಊಟಕ್ಕೆ ಕುಳಿತಾಗ ಯಾರೂ ತಮಾಷೆ ಮಾಡಲಿಲ್ಲ. ನೀರಿನ ಲೋಟವನ್ನು ಅಪ್ಪನ ಕೈಗೇ ಕೊಟ್ಟರು. ಎಲೆಯಲ್ಲಿ ಪಲ್ಯ ಎಲ್ಲಿದೆ, ಉಪ್ಪಿನಕಾಯಿ ಎಲ್ಲಿದೆ ಎಂದು ಮಾಸ್ತರು ಹೇಳತೊಡಗಿದರು. ಅಪ್ಪ ಪ್ರತಿಯೊಂದಕ್ಕೂ "ಕಾಣ್ತದೆ, ಕಾಣ್ತದೆ" ಎಂದರು. ಆಮೇಲೆ ಅದನ್ನೂ ಬಿಟ್ಟು ಸುಮ್ಮನೆ ತಿಂದರು.

ಸಾಹುಕಾರರ ಜೀಪಿನಲ್ಲಿ ಹಿಂತಿರುಗಿದೆವು. ಹಿಂದಿನ ಸೀಟಿನಲ್ಲಿದ್ದ ನನಗೆ ಮುಂದೆ ಡ್ರೈವರನ ಪಕ್ಕ ಕುಳಿತ ಅಪ್ಪನ ಭುಜ ಕಾಣುತ್ತಿತ್ತು, ಮುಟ್ಟುವ ಧೈರ್ಯವಾಗಲಿಲ್ಲ. ಶನಿವಾರಸಂತೆಯ ಹತ್ತಿರ, ತಿರುಗಿ ನೋಡದೆಯೇ, "ಎಲ್ಲರೂ ನೋಡಿದರಾ?" ಎಂದರು.

"ಹೂಂ, ಅಪ್ಪ."

ಜೀಪು ನಮ್ಮ ಮನೆಯ ಅಂಗಳದಲ್ಲಿ ನಿಂತಾಗ ಕತ್ತಲಾಗುತ್ತ ಬಂದಿತ್ತು. ಗಾಡಿಯ ಸದ್ದು ಬೇರೆಯಾಗಿದ್ದರಿಂದ ಯಾರು ಬಂದರೆಂದು ನೋಡಲು ಅಮ್ಮ ಹೊಸಿಲಿಗೆ ಬಂದರು. ನಾನು ಇಳಿದು, ಅಪ್ಪ ಇಳಿಯುವ ಕಡೆ, ಅವರ ಎಡಕ್ಕೆ ನಿಂತೆ. ಡ್ರೈವರು ಸುತ್ತಿ ಬಂದು ಬಲಕ್ಕೆ ನಿಂತ. ಅಪ್ಪ ಸೀಟಿನಲ್ಲೇ ನಮ್ಮ ಕಡೆಗೆ ತಿರುಗಿದರು. ಆಮೇಲೆ, ಅಮ್ಮನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ, "ಮಗಳೇ, ಕೈ ಕೊಡು. ನನಗೆ ಕಾಣೋದಿಲ್ಲ" ಎಂದು ಡ್ರೈವರನ ಕಡೆಗೆ ಕೈ ಚಾಚಿದರು.

ಡ್ರೈವರು ನನ್ನ ಮುಖ ನೋಡಿದ. ನಂತರ ಅವರ ಕೈ ಹಿಡಿದ. ಅದು ನನ್ನ ಕೈಯಲ್ಲವೆಂದು ಅಪ್ಪನಿಗೆ ತಿಳಿಯದೆ ಇರಲಿಕ್ಕಿಲ್ಲ. ಆದರೂ ಬಿಡಲಿಲ್ಲ. ಅದನ್ನೇ ಹಿಡಿದುಕೊಂಡು ಇಳಿದರು.